ಆಗಿನ ಪೈಲ್ವಾನರ ಮುಂದೆ ಈಗಿನವರು ನಿಲ್ಲುತ್ತಾರೆಯೇ? ಮುಗಿಯದ ವಾದವೊಂದರ ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಜಾತ್ರೆಯ ಕುಸ್ತಿ ನಡೆದರೆ ಕಣದ ಹೊರಗೂ ಒಂದು ಕುಸ್ತಿ ಶುರುವಾಗುತ್ತದೆ. "ಆಗಿನ ಪೈಲ್ವಾನರ ಮುಂದ ಈಗಿನ ಹುಡುಗರು ಎರಡ ನಿಮಿಷ ನಿಂದರೂದಿಲ್ರಿ" ಎನ್ನುತ್ತಾರೆ ಹಿರಿಯರು. "ಅವರನ್ನ ಮ್ಯಾಟ್ ಮ್ಯಾಲ ಕರೀರಿ, ನೋಡೂಣಂತ" ಎನ್ನುತ್ತಾರೆ ಹುಡುಗರು. ಚಹಾ ಮುಗಿದರೂ ತೀರ್ಪು ಬರುವುದಿಲ್ಲ. ಕೇಳಲು ಇದು ತಮಾಷೆಯ ವಾದ. ಆದರೆ ಗರಡಿ ಮನೆಯ ಹುಡುಗನೊಬ್ಬ ಏನು ತಿನ್ನಬೇಕು, ಎಷ್ಟು ದಪ್ಪಗಾಗಬೇಕು ಎಂಬುದು ಎಷ್ಟೋ ಸಲ ಈ ವಾದದಿಂದಲೇ ನಿರ್ಧಾರವಾಗುತ್ತದೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಬೇರೆ ಬೇರೆ ಕಾಲದವರನ್ನು ಕಾದಾಡಿಸುವ ಪ್ರಯತ್ನವನ್ನು ಬಾಕ್ಸಿಂಗ್‌ನವರು ಹಿಂದೆಯೇ ಮಾಡಿದ್ದಾರೆ. ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ, ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತರಾದ ಹೆವಿವೇಟ್ ಚಾಂಪಿಯನ್. ಮುಹಮ್ಮದ್ ಅಲಿ ಅವರ ನಂತರದ ಕಾಲದವರು. ಇಬ್ಬರ ಬಗ್ಗೆ ಅಂಕಿಅಂಶಗಳನ್ನೂ ಬಾಕ್ಸಿಂಗ್ ಬಲ್ಲವರು ಕೊಟ್ಟ ಅಂಕಗಳನ್ನೂ ಕಂಪ್ಯೂಟರಿಗೆ ತುಂಬಿ, 1969ರಲ್ಲಿ ಇಬ್ಬರನ್ನೂ ಕ್ಯಾಮೆರಾ ಮುಂದೆ ಆಡಿಸಿ ಸಿನಿಮಾ ತೆಗೆದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಅಲಿಯನ್ನು ಕೆಡವಿದ್ದನ್ನು ಜನ ನೋಡಿದರು. ಯುರೋಪಿನಲ್ಲಿ ಅಲಿ ಗೆಲ್ಲುವ ಇನ್ನೊಂದು ಮುಕ್ತಾಯವನ್ನೂ ತೋರಿಸಲಾಯಿತು! ಒಳಗೆ ಹಾಕಿದ್ದು ಮನುಷ್ಯರ ಅಭಿಪ್ರಾಯ, ಹೊರಗೆ ಬಂದದ್ದೂ ಅದೇ. ನಡುವೆ ಯಂತ್ರವಿದ್ದ ಮಾತ್ರಕ್ಕೆ ಅದು ವಿಜ್ಞಾನವಾಗಲಿಲ್ಲ.

ನಮ್ಮ ಕುಸ್ತಿಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿಯಿದೆ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನರಿಗೆ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಎದುರಾಳಿ. ಜಿಬಿಸ್ಕೊ ಗಾಮಾಗಿಂತ ಬಹಳ ತೂಕದ ಆಳು. ಅವರು ಮ್ಯಾಟ್ ಮೇಲೆ ಬೋರಲಾಗಿ ಮಲಗಿ ರಕ್ಷಣೆಗೆ ಇಳಿದುಬಿಟ್ಟರು. ಸುಮಾರು ಎರಡೂವರೆ ಗಂಟೆ ಹಿಡಿದಾಡಿದರೂ ಪಂದ್ಯ ಸಮ. ವಾರದ ನಂತರದ ಮರುಪಂದ್ಯಕ್ಕೆ ಜಿಬಿಸ್ಕೊ ಬರಲೇ ಇಲ್ಲ. ಅದೇ ಜೋಡಿ 1928ರ ಜನವರಿಯಲ್ಲಿ ಪಟಿಯಾಲಾದ ಮಣ್ಣಿನ ಕಣದಲ್ಲಿ ಮತ್ತೆ ಸೇರಿತು. ಒಂದು ನಿಮಿಷ ತುಂಬುವುದರೊಳಗೆ ಜಿಬಿಸ್ಕೊ ಚಿತ್.

ಇಬ್ಬರೂ ಅವರೇ. ಆದರೆ ನೆಲ ಬೇರೆ, ವಯಸ್ಸು ಬೇರೆ, ದಿನ ಬೇರೆ. ಹಾಗಿರುವಾಗ ಎಂದೂ ಭೇಟಿಯೇ ಆಗದ ಇಬ್ಬರ ಬಗ್ಗೆ "ಇವನೇ ಗೆಲ್ಲುತ್ತಿದ್ದ" ಎಂದು ಹೇಳುವುದು ಹೇಗೆ? ಗೆಲುವು ಎತ್ತರ, ತೂಕದ ಹಾಗೆ ಒಬ್ಬರ ಮೈಗೆ ಅಂಟಿಕೊಂಡಿರುವ ಗುಣವಲ್ಲ.

ನೆಲದ ವ್ಯತ್ಯಾಸ ಸಣ್ಣದೂ ಅಲ್ಲ. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಬೆನ್ನ ಮೇಲೆ ಕೆಡವುವುದೇ ಗುರಿ, ಅದು ಎಷ್ಟು ಹೊತ್ತಾದರೂ ಆಗಬಹುದು. ಸೊಂಟದ ಲಂಗೋಟಿಗೆ ಕೈ ಹಾಕಬಹುದು. ಒಲಿಂಪಿಕ್ಸ್‌ನ ಫ್ರೀಸ್ಟೈಲ್‌ನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಅಂಕಗಳ ಲೆಕ್ಕ, ಬಟ್ಟೆ ಹಿಡಿದರೆ ತಪ್ಪು. ಆರು ನಿಮಿಷ ಸ್ಫೋಟದಂತೆ ನುಗ್ಗಲು ಬೇಕಾದ ತಾಕತ್ತೇ ಬೇರೆ, ಗಂಟೆಗಟ್ಟಲೆ ಜಗ್ಗಾಡುವ ದಮ್ಮೇ ಬೇರೆ. ದೇಹ ಯಾವುದನ್ನು ಅಭ್ಯಾಸ ಮಾಡುತ್ತದೆಯೋ ಅದಕ್ಕೇ ಹೊಂದಿಕೊಳ್ಳುತ್ತದೆ. ಹಿರಿಯರೂ ಹುಡುಗರೂ ಇಬ್ಬರೂ ಸರಿಯಿರಬಹುದು, ತಮ್ಮ ತಮ್ಮ ನೆಲದಲ್ಲಿ.

ಇನ್ನು ತೂಕ. ಮಾರ್ಸಿಯಾನೊ ಕಣಕ್ಕಿಳಿಯುತ್ತಿದ್ದುದು ಸುಮಾರು 85 ಕಿಲೋ ತೂಕದಲ್ಲಿ. ಈಗ 90.7 ಕಿಲೋ ಒಳಗಿನವರು ಕ್ರೂಸರ್‌ವೇಟ್, ಅಂದರೆ ಇವತ್ತಿನ ಲೆಕ್ಕದಲ್ಲಿ ಅವರು ಹೆವಿವೇಟ್ ಆಗಲೇಬೇಕಿಲ್ಲ. 2020ರಲ್ಲಿ ಟೈಸನ್ ಫ್ಯೂರಿ ವೈಲ್ಡರ್ ಎದುರು ಇಳಿದಾಗ ತೂಗಿದ್ದು ಸುಮಾರು 124 ಕಿಲೋ. ಇಲ್ಲಿ ನಮ್ಮ ಒಂದು ಪ್ರಶ್ನೆಯೊಳಗೆ ಎರಡು ಅಡಗಿವೆ. ಅಂದಿನವರನ್ನು ಅಂದಿನ ಮೈಕಟ್ಟಿನಲ್ಲೇ ಇಂದು ತಂದು ನಿಲ್ಲಿಸಿದರೆ ಏನಾಗುತ್ತದೆ? ಸುಮಾರು 40 ಕಿಲೋ ಹೆಚ್ಚು ತೂಗುವವನ ಎದುರು ಅವರು ಕಷ್ಟಪಡುತ್ತಾರೆ ಎನ್ನಲು ಭೌತಶಾಸ್ತ್ರ ಸಾಕು. ಅವರು ಇಂದೇ ಹುಟ್ಟಿ, ಇಂದಿನ ಕೋಚ್ ಕೈಯಲ್ಲಿ, ಇಂದಿನ ಆಹಾರದಲ್ಲಿ ಬೆಳೆದಿದ್ದರೆ? ಅಂಥ ಮನುಷ್ಯ ಹುಟ್ಟಿಯೇ ಇಲ್ಲ, ಅಳೆಯುವುದು ಯಾರನ್ನು? ವಾದ ಮಾಡುವವರಲ್ಲಿ ಒಬ್ಬರು ಮೊದಲನೆಯದನ್ನೂ ಇನ್ನೊಬ್ಬರು ಎರಡನೆಯದನ್ನೂ ಹಿಡಿದಿರುತ್ತಾರೆ.

ನೆನಪಿನ ಮೋಸವೂ ಇದೆ. ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು, ಅವರ ಹೆಸರು ಉಳಿಯಿತು. ಅದೇ ಕಾಲದಲ್ಲಿ ಜಾತ್ರೆ ಜಾತ್ರೆಗಳಲ್ಲಿ ಸೋತು ಹೊಲದ ಕೆಲಸಕ್ಕೆ ಮರಳಿದವರ ಹೆಸರು ಯಾರಿಗೆ ಗೊತ್ತು? ಒಂದು ಇಡೀ ತಲೆಮಾರಿನ ಅತ್ಯುತ್ತಮರನ್ನು ಇವತ್ತು ಮಧ್ಯಾಹ್ನ ಸೋತ ಹುಡುಗನ ಜೊತೆ ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಹೇಳಿ. ಗದಗಿನವರೇ ಆದ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಪಡೆದದ್ದು ಸ್ಕೋರ್‌ಕಾರ್ಡಿನಲ್ಲಿ ಹಾಗೇ ಕೂತಿದೆ. ಜಾತ್ರೆಯ ಕುಸ್ತಿಗೆ ಅಂಥ ಕಾಗದವಿಲ್ಲ. ಹಾಗಾಗಿ ಪ್ರತಿ ಸಲ ಹೇಳುವಾಗಲೂ ಪೈಲ್ವಾನರು ಸ್ವಲ್ಪ ಸ್ವಲ್ಪ ಬೆಳೆಯುತ್ತಾರೆ.

ಹೀಗೆ ಬೆಳೆದವರನ್ನು ನೋಡಿ ಈಗಿನ ಹುಡುಗ ತನ್ನ ಖುರಾಕು ನಿಗದಿ ಮಾಡಿಕೊಳ್ಳುವುದೇ ನಮಗೆ ಕಾಣುವ ನಿಜವಾದ ತೊಂದರೆ. ದಿನವಿಡೀ ಸಾಮು ಮಾಡುತ್ತಿದ್ದವರ ಹಾಲು, ತುಪ್ಪ, ಬಾದಾಮಿಯ ಲೆಕ್ಕವನ್ನು ಶಾಲೆ ಮುಗಿಸಿ ಒಂದು ತಾಸು ಗರಡಿಗೆ ಬರುವವನು ಪಾಲಿಸಿದರೆ ಖರ್ಚಾಗದೆ ಉಳಿದದ್ದು ಕೊಬ್ಬಾಗುತ್ತದೆ. ಅದೂ ಸಾಲದೆ ಬೇಗ "ಹಳೇ ಪೈಲ್ವಾನರ ಮೈ" ಬರಲಿ ಎಂದು ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಂಡರೆ ರಕ್ತದೊತ್ತಡ ಏರಬಹುದು, ಹೃದಯ ಮತ್ತು ಯಕೃತ್ತಿಗೆ ಪೆಟ್ಟು ಬೀಳಬಹುದು. ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಾದರೆ ಎಲುಬಿನ ತುದಿಗಳು ಬೇಗ ಕೂಡಿಕೊಂಡು ಎತ್ತರವೇ ನಿಂತುಹೋಗಬಹುದು. ನಿಮ್ಮ ಮನೆಯ ಹುಡುಗ ಗರಡಿಗೆ ಹೋಗುತ್ತಿದ್ದರೆ, ಅವನು ಕುಡಿಯುವ ಡಬ್ಬಿಯ ಪುಡಿ ಯಾವುದು, ಕೊಟ್ಟವರು ಯಾರು ಎಂದು ಒಮ್ಮೆ ಕೇಳಿ ನೋಡಿ. ಇಂಜೆಕ್ಷನ್ ಮಾತು ಬಂದರೆ ವಸ್ತಾದರ ಜೊತೆಗೆ ವೈದ್ಯರನ್ನೂ ಕಾಣಿ.