ಗುರಾಣಿಯ ಬೆಲೆ ಎರಡೇ ಅಂಕವೆ?

ಒಬ್ಬನು ಗುರಾಣಿ ಹಿಡಿದು ಬಯಲಿನಲ್ಲಿ ನಿಂತಿದ್ದಾನೆ. ಇನ್ನೊಬ್ಬನದು ಬರಿಗೈ, ಆದರೆ ಅವನ ಮುಂದೆ ಸೊಂಟದೆತ್ತರದ ಮೋಟುಗೋಡೆಯಿದೆ. ಮೂರನೆಯವನ ಮುಂದೆ ಗೋಡೆಯೂ ಇಲ್ಲ, ಅವನ ಗೆಳೆಯನೊಬ್ಬ ನಿಂತಿದ್ದಾನೆ, ಅಷ್ಟೆ. ದೂರದಿಂದ ಬಾಣ ಬಿಡುವವನಿಗೆ ಈ ಮೂವರಲ್ಲಿ ಯಾರನ್ನು ಹೊಡೆಯುವುದು ಕಷ್ಟ? ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ನಿಯಮಗ್ರಂಥವನ್ನು ಕೇಳಿದರೆ, ಮೂವರೂ ಒಂದೇ ಎನ್ನುತ್ತದೆ. ಗುರಾಣಿಗೆ ಎರಡಂಕ, ಅರೆಮರೆಗೆ ಎರಡಂಕ, ಮುಂದೆ ನಿಂತ ಗೆಳೆಯನ ದೇಹಕ್ಕೂ ಎರಡಂಕ. ಗುರಾಣಿಯೆಂದರೆ ಕೈಯಲ್ಲಿ ಹೊತ್ತು ತಿರುಗುವ ಮೋಟುಗೋಡೆ ಎಂದು ಇದರ ತಾತ್ಪರ್ಯ. ಈ ತಾತ್ಪರ್ಯ ನನಗೆ ಒಪ್ಪಿಗೆಯಿಲ್ಲ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ನಾಲ್ಕು ಮಾತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ಆಟ ಇದು. ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು, ಯೋಧನನ್ನೋ ಮಾಂತ್ರಿಕನನ್ನೋ ಕಳ್ಳನನ್ನೋ ವಹಿಸಿಕೊಂಡು, ಬಾಯಿಮಾತಿನಲ್ಲಿಯೇ ಕಥೆ ಕಟ್ಟುತ್ತಾ ಹೋಗುತ್ತಾರೆ. ನಡೆಸಿಕೊಡುವುದಕ್ಕೆ ಸೂತ್ರಧಾರನೊಬ್ಬನಿರುತ್ತಾನೆ. ಕಾಳಗ ಬಂದಾಗ ಹೊಡೆಯುವವನು ಇಪ್ಪತ್ತು ಮುಖದ ದಾಳವನ್ನುರುಳಿಸಿ, ಬಿದ್ದ ಸಂಖ್ಯೆಗೆ ತನ್ನ ಬಲದ ಅಂಕವನ್ನು ಕೂಡಿಸುತ್ತಾನೆ. ಆ ಮೊತ್ತ ಎದುರಾಳಿಯ ‘ಆರ್ಮರ್ ಕ್ಲಾಸ್’ ಅನ್ನು (ಕವಚಾಂಕವೆನ್ನೋಣ) ಮುಟ್ಟಿದರೆ ಏಟು ತಗಲಿತು, ಮುಟ್ಟದಿದ್ದರೆ ಇಲ್ಲ. ಬೆಂಗಳೂರಿನಲ್ಲಿಯೂ ಇದನ್ನಾಡುವ ತರುಣರಿದ್ದಾರೆ. ನನ್ನ ತರಗತಿಯಲ್ಲಿಯೂ ಇಬ್ಬರು ಮೂವರು ಇದ್ದಾರೆ. ಕನ್ನಡ ಮೇಷ್ಟರಿಗೆ ಇದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಕಥೆ ಹೇಳುವ ಆಟದಲ್ಲಿ ನಿಯಮವೇ ವ್ಯಾಕರಣ, ಸ್ವಾಮಿ! ನಿಯಮ ಯಾವ ಕೆಲಸಕ್ಕೆ ಕ್ರಿಯಾಪದವನ್ನು ಕೊಡುವುದಿಲ್ಲವೋ ಆ ಕೆಲಸವನ್ನು ಕಥೆಯೊಳಗೆ ಯಾರೂ ಮಾಡುವುದಿಲ್ಲ. ಕತ್ತಿ ಹಿಡಿದವನು ‘ಹೊಡೆಯುತ್ತೇನೆ’ ಎನ್ನುತ್ತಾನೆ, ಮಾಂತ್ರಿಕ ‘ಮಂತ್ರ ಹಾಕುತ್ತೇನೆ’ ಎನ್ನುತ್ತಾನೆ. ಗುರಾಣಿ ಹಿಡಿದವನು ಏನೆನ್ನಬೇಕು? ಅವನು ಏನೂ ಅನ್ನಬೇಕಾಗಿಲ್ಲ. ಅವನ ಎರಡಂಕ ಆಟದ ಮೊದಲೇ ಕಾಗದದ ಮೇಲೆ ಕೂಡಿಹೋಗಿದೆ.

ಈ ಅನ್ಯಾಯದ ಬೇರು ಹಳೆಯದು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ‘ಚೈನ್‌ಮೇಲ್’ ಎಂಬ ಯುದ್ಧದಾಟದಲ್ಲಿ ಗುರಾಣಿಯನ್ನು ಕವಚದ ಪಟ್ಟಿಗೇ ಸೇರಿಸಿದ್ದರು. 1974ರ ಆಟದಲ್ಲಿ ಅದು ಏಣಿಯ ಮೆಟ್ಟಲುಗಳಂತೆ ನಿಂತಿತು. ಮೈಮೇಲೆ ಏನೂ ಇಲ್ಲದವನಿಗೆ 9, ಗುರಾಣಿಯೊಂದೇ ಇದ್ದವನಿಗೆ 8, ತೊಗಲಂಗಿ ತೊಟ್ಟವನಿಗೆ 7, ತೊಗಲಂಗಿಯೂ ಗುರಾಣಿಯೂ ಇದ್ದರೆ 6. ಹೀಗೆ ಇಳಿಯುತ್ತಾ ತಗಡಿನ ಕವಚವೂ ಗುರಾಣಿಯೂ ಇದ್ದವನಿಗೆ 2. ಆಗ ಅಂಕ ಇಳಿದಷ್ಟೂ ರಕ್ಷಣೆ ಹೆಚ್ಚು. ಈಗ ಅದನ್ನು ತಿರುಗಿಸಿದ್ದಾರೆ. ವಾಚಕರು ಈ ಏಣಿಯನ್ನು ಇನ್ನೊಮ್ಮೆ ನೋಡಬೇಕು. ಗುರಾಣಿಗಿಂತ ತೊಗಲಂಗಿಯೇ ಮೇಲು! ಈಟಿ ಹಿರಿದು ಬರುವವನ ಎದುರಿಗೆ ನಿಲ್ಲಬೇಕಾಗಿ ಬಂದು, ತೊಗಲಂಗಿ ಬೇಕೋ ಗುರಾಣಿ ಬೇಕೋ ಎಂದು ಕೇಳಿದರೆ, ಬುದ್ಧಿ ನೆಟ್ಟಗಿರುವ ಯಾವನು ಅಂಗಿಯನ್ನು ಕೇಳಿಯಾನು? ಗುರಾಣಿಯನ್ನು ಬಟ್ಟೆಯೆಂದು ಎಣಿಸಿದ್ದರ ಫಲ ಇದು. ಅಂಗಿಯನ್ನು ತೊಡುತ್ತೇವೆ, ತೊಟ್ಟಮೇಲೆ ಅದರ ಯೋಚನೆಯಿಲ್ಲ. ಗುರಾಣಿಯನ್ನು ಹಿಡಿಯುತ್ತೇವೆ, ಎತ್ತುತ್ತೇವೆ, ಒಡ್ಡುತ್ತೇವೆ, ಅದರಿಂದ ನೂಕುತ್ತೇವೆ. ಕನ್ನಡದ ಈ ನಾಲ್ಕು ಕ್ರಿಯಾಪದಗಳಲ್ಲಿ ಒಂದಕ್ಕೂ ಆ ಏಣಿಯಲ್ಲಿ ಜಾಗವಿಲ್ಲ.

ಇದಕ್ಕೆ ಆಟದ ಅಭಿಮಾನಿಗಳಲ್ಲಿ ಒಂದು ಸಿದ್ಧ ಉತ್ತರವುಂಟು. ಆ ಅಂಕವೆಂಬುದು ಸಾರಾಂಶ, ಒಂದು ಸುತ್ತಿನ ಕಾಳಗದಲ್ಲಿ ನಡೆದ ಎತ್ತುವಿಕೆ ಒಡ್ಡುವಿಕೆಗಳೆಲ್ಲ ಅದರೊಳಗೆ ಅಡಗಿವೆ, ಎನ್ನುತ್ತಾರೆ. ಎಪ್ಪತ್ತರ ದಶಕದಲ್ಲಿ ಈ ಮಾತಿಗೆ ಬೆಲೆಯಿತ್ತು. ಆಗ ಒಂದು ಸುತ್ತೆಂದರೆ ಒಂದು ನಿಮಿಷ. ನಿಮಿಷದ ಹೋರಾಟವನ್ನು ಒಂದು ದಾಳದಲ್ಲಿ ಹೇಳುವಾಗ ಸಾರಾಂಶ ಮಾಡದೆ ಗತ್ಯಂತರವಿಲ್ಲ. ಅಷ್ಟಾದರೂ ಆ ಕಾಲದವರಿಗೆ ಮನಸ್ಸು ಚುಚ್ಚಿರಬೇಕು. ಸಣ್ಣ ಗುರಾಣಿ ಒಂದು ಸುತ್ತಿನಲ್ಲಿ ಒಂದೇ ಏಟಿಗೆ, ಸಾಧಾರಣದ್ದು ಎರಡಕ್ಕೆ, ದೊಡ್ಡದು ಮೂರಕ್ಕೆ ಮಾತ್ರ ಲೆಕ್ಕ ಎಂದು ಆ ದಶಕದ ಕೊನೆಯ ನಿಯಮಗ್ರಂಥದಲ್ಲಿ ಸೇರಿಸಿದರು. ಗುರಾಣಿ ಏಕಕಾಲದಲ್ಲಿ ಎಲ್ಲ ಕಡೆಯೂ ಇರಲಾರದು ಎಂಬ ತಿಳಿವಳಿಕೆ ಅದರಲ್ಲಿ ಇತ್ತು. 2014ರ ಐದನೆಯ ಆವೃತ್ತಿಯಲ್ಲಿ ಸುತ್ತು ಆರು ಸೆಕೆಂಡಿಗೆ ಇಳಿದಿದೆ. ಆರು ಸೆಕೆಂಡಿನಲ್ಲಿ ದಾಳ ಬಿದ್ದಿತೆಂದರೆ ಅದು ಒಂದೇ ಏಟು, ಕಣ್ಣಿಗೆ ಕಾಣುವ ಏಟು. ಅಲ್ಲಿ ಯಾವ ಸಾರಾಂಶ? ಆದರೂ ಐದು ಮಂದಿ ಐದು ದಿಕ್ಕಿನಿಂದ ಹೊಡೆದರೆ ಐವರಿಗೂ ಅದೇ ಎರಡಂಕ ಅಡ್ಡ ಬರುತ್ತದೆ. 2024ರ ಪರಿಷ್ಕರಣದಲ್ಲಿಯೂ ಇದು ಹಾಗೆಯೇ ಉಳಿಯಿತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಹೊಡೆಯುವವನ ಬಲ 5 ಎಂದಿಟ್ಟುಕೊಳ್ಳಿ. ಕವಚವಿಲ್ಲದವನ ಅಂಕ 10. ಅವನಿಗೆ ನೂರಕ್ಕೆ 80 ಏಟು ತಗಲುತ್ತವೆ. ಗುರಾಣಿ ಹಿಡಿದರೆ 70. ಎಂದರೆ ಬೀಳುತ್ತಿದ್ದ ಏಟಿನಲ್ಲಿ ಎಂಟನೆಯ ಒಂದು ಪಾಲು ತಪ್ಪಿತು. ಅಡಿಯಿಂದ ಮುಡಿಯವರೆಗೆ ಉಕ್ಕಿನ ತಗಡು ಹೊದ್ದವನ ಅಂಕ 18. ಅವನಿಗೆ 40 ತಗಲುತ್ತವೆ, ಗುರಾಣಿ ಹಿಡಿದರೆ 30. ಅವನಿಗೆ ನಾಲ್ಕನೆಯ ಒಂದು ಪಾಲು ತಪ್ಪಿತು. ಬಡವನಿಗಿಂತ ಉಕ್ಕಿನವನಿಗೆ ಗುರಾಣಿಯ ಉಪಕಾರ ಇಮ್ಮಡಿ! ಯುರೋಪಿನ ಚರಿತ್ರೆ ಹೇಳುವುದು ಇದರ ನೇರ ವಿರುದ್ಧ. ಹದಿನೈದನೆಯ ಶತಮಾನದ ಹೊತ್ತಿಗೆ ತಗಡಿನ ಕವಚ ಪೂರ್ಣವಾದಂತೆಲ್ಲ ಸರದಾರರು ಗುರಾಣಿಯನ್ನು ಬಿಟ್ಟರು. ಮೈಯೇ ಗುರಾಣಿಯಾದಮೇಲೆ ಆ ಕೈಯನ್ನೂ ಆಯುಧಕ್ಕೆ ಕೊಟ್ಟು ಎರಡು ಕೈಯ ಕೊಡಲಿ ಹಿಡಿದರು. ಗುರಾಣಿಯನ್ನು ನೆಚ್ಚಿದವನು ಕವಚ ಕೊಳ್ಳಲಾರದ ಸಾಮಾನ್ಯ ಕಾಲಾಳು. ಆಟದ ಗಣಿತ ಅವನ ಕೈಯಿಂದ ಅದನ್ನು ಕಸಿದು ಸರದಾರನಿಗೆ ಕೊಟ್ಟಿದೆ.

ಇವೆಲ್ಲ ಲೆಕ್ಕದ ತಪ್ಪು, ತಿದ್ದಬಹುದು. ನನ್ನ ದೊಡ್ಡ ತಕರಾರು ಬೇರೆ.

ಪ್ರಾಚೀನ ಗ್ರೀಕರ ಕಾಲಾಳಿನ ಗುರಾಣಿ ಸುಮಾರು 90 ಸೆಂಟಿಮೀಟರ್ ಅಡ್ಡಳತೆಯ ದುಂಡು ಗುರಾಣಿ. ಎಡತೋಳಿಗೆ ತೊಡಿಸಿ ಹಿಡಿಯುತ್ತಿದ್ದದ್ದರಿಂದ ಅದರ ಒಂದು ಭಾಗ ಹಿಡಿದವನ ಮೈಯನ್ನು ದಾಟಿ ಎಡಗಡೆಯವನಿಗೆ ಮರೆಯಾಗುತ್ತಿತ್ತು. ತನ್ನ ಬಲಗಡೆಗೆ ಬಲಗಡೆಯವನ ಗುರಾಣಿಯೇ ಗತಿ. ಕ್ರಿ.ಪೂ. 418ರ ಮ್ಯಾಂಟಿನೀಯ ಯುದ್ಧವನ್ನು ವರ್ಣಿಸುತ್ತಾ ಥ್ಯುಸಿಡಿಡೀಸ್ ಒಂದು ಸೊಗಸಾದ ಸಂಗತಿಯನ್ನು ಗುರುತಿಸಿದ್ದಾನೆ. ಮುನ್ನುಗ್ಗುವ ಪ್ರತಿಯೊಂದು ಸೈನ್ಯವೂ ತನಗರಿವಿಲ್ಲದೆ ಬಲಕ್ಕೆ ಸರಿಯುತ್ತದೆಯಂತೆ. ಪ್ರತಿಯೊಬ್ಬನೂ ತೆರೆದ ಬಲಮೈಯ ಭಯದಿಂದ ಪಕ್ಕದವನ ಗುರಾಣಿಗೆ ಇನ್ನಷ್ಟು ಒತ್ತಿಕೊಳ್ಳುತ್ತಾನೆ. ಸಾವಿರಾರು ಮಂದಿಯ ಪಂಕ್ತಿಯನ್ನೇ ಓರೆ ಮಾಡಿದ ಮರೆ ಅದು! ಸ್ಪಾರ್ಟದವರು ಶಿರಸ್ತ್ರಾಣ ಎಸೆದವನನ್ನು ಕ್ಷಮಿಸಿ ಗುರಾಣಿ ಎಸೆದವನಿಗೆ ಮಾತ್ರ ಅವಮಾನ ಮಾಡುತ್ತಿದ್ದುದೇಕೆ ಎಂಬುದಕ್ಕೆ ಪ್ಲೂಟಾರ್ಕ್ ಕೊಡುವ ಕಾರಣವೂ ಇದೇ: ಶಿರಸ್ತ್ರಾಣ ತನ್ನೊಬ್ಬನದು, ಗುರಾಣಿ ಇಡೀ ಪಂಕ್ತಿಯದು.

ನಮ್ಮ ಭಾಷೆಯಲ್ಲಿ ಈ ಅರ್ಥ ಮಾತಿನೊಳಗೇ ಕುಳಿತಿದೆ. ‘ಮರೆ’ ಎಂದರೆ ಅಡ್ಡವೂ ಹೌದು, ಆಶ್ರಯವೂ ಹೌದು. ‘ಮರೆಹೊಕ್ಕವನು’ ಎಂದರೆ ಗೋಡೆಯ ಹಿಂದೆ ಅವಿತವನಲ್ಲ, ಇನ್ನೊಬ್ಬನನ್ನು ನಂಬಿ ಬಂದವನು. ಮರೆಯನ್ನು ಕೊಡುವವನೊಬ್ಬ ಇದ್ದಾನೆ ಎಂಬುದು ಆ ಮಾತಿನ ಜೀವ. ಅಮೆರಿಕದ ನಿಯಮಗ್ರಂಥದ ಅರೆಮರೆ, ಮುಕ್ಕಾಲುಮರೆ, ಪೂರ್ತಿಮರೆಗಳಲ್ಲಿ ಕೊಡುವವನಿಲ್ಲ. ಅರೆಗೆ ಎರಡು, ಮುಕ್ಕಾಲಿಗೆ ಐದು, ಪೂರ್ತಿಯಾದರೆ ಗುರಿಯಿಡುವಂತೆಯೇ ಇಲ್ಲ. ಕಲ್ಲಿಗೆ, ಮರಕ್ಕೆ ಈ ಲೆಕ್ಕ ಸರಿ. ಗೋಡೆ ಏನನ್ನೂ ಮಾಡುವುದಿಲ್ಲ, ಅದಕ್ಕೆ ಅಂಕ ಸಾಕು. ಆದರೆ ಅಡ್ಡ ನಿಂತ ಮನುಷ್ಯನನ್ನೂ ಅದೇ ಪಟ್ಟಿಯಲ್ಲಿ ಕಲ್ಲಿನ ಪಕ್ಕ ಬರೆಯುವುದೆ? ಅವನಿಂದಾಗಿ ಗುರಿ ತಪ್ಪಿದ ಬಾಣ ಅವನಿಗೆ ನಾಟೀತೆ ಎಂಬ ಪ್ರಶ್ನೆಯನ್ನು ಆಟಗಾರರ ಗ್ರಂಥ ಎತ್ತುವುದೇ ಇಲ್ಲ. 2014ರ ಸೂತ್ರಧಾರನ ಗ್ರಂಥದಲ್ಲಿ, ಬೇಕಾದವರು ಬಳಸಲಿ ಎಂದು ಒಂದು ಮೂಲೆಯಲ್ಲಿಟ್ಟಿದ್ದಾರೆ. ಇನ್ನೂ ಒಂದು ಸೋಜಿಗ: ಮಾಂತ್ರಿಕ ಬೆಂಕಿಯುಂಡೆ ಎಸೆದಾಗ ಮೋಟುಗೋಡೆಯ ಹಿಂದಿನವನಿಗೆ ತಪ್ಪಿಸಿಕೊಳ್ಳಲು ಎರಡಂಕ ಸಿಗುತ್ತದೆ. ಗುರಾಣಿ ಹಿಡಿದವನಿಗೆ, ಅದಕ್ಕೆಂದೇ ವಿಶೇಷ ವಿದ್ಯೆ ಕಲಿತಿದ್ದರೆ ಹೊರತು, ಸೊನ್ನೆ.

ಪಕ್ಕದವನನ್ನು ಕಾಯುವ ನಿಯಮವೇ ಇಲ್ಲವೆಂದರೆ ತಪ್ಪಾದೀತು. ಐದಡಿಯೊಳಗಿನ ಜೊತೆಗಾರನ ಮೇಲೆ ಏಟು ಬಂದಾಗ ಗುರಾಣಿ ಚಾಚಿ ಅದನ್ನು ಕೆಡಿಸುವ ‘ಪ್ರೊಟೆಕ್ಷನ್’ ಎಂಬ ಶೈಲಿಯೊಂದಿದೆ. ಆದರೆ ಅದು ಕೆಲವು ಯೋಧವರ್ಗದವರು ಹಲವು ಶೈಲಿಗಳ ನಡುವೆ ಆರಿಸಿಕೊಳ್ಳಬೇಕಾದ ವಿಶೇಷಾಧಿಕಾರ. ಗ್ರೀಸಿನ ಕುಂಬಾರನೂ ರೈತನೂ ಪಂಕ್ತಿಯಲ್ಲಿ ನಿಂತು ಮಾಡಿದ ಕೆಲಸಕ್ಕೆ ಇಲ್ಲಿ ಪರವಾನಗಿ ಬೇಕು!

ಹಾಗಾದರೆ ಇದಕ್ಕೆ ದಾರಿಯೇ ಇಲ್ಲವೆ? ಇದೆ, ಬೇರೆಯವರು ತೋರಿಸಿದ್ದಾರೆ. 1978ರ ‘ರೂನ್‌ಕ್ವೆಸ್ಟ್’ನಲ್ಲಿ ಗುರಾಣಿ ಒಂದು ಕೌಶಲ, ಏಟು ಬಂದಾಗ ತಡೆಯುವವನೂ ತನ್ನ ದಾಳವನ್ನುರುಳಿಸುತ್ತಾನೆ, ಗೆದ್ದರೆ ಗುರಾಣಿ ತನ್ನ ಶಕ್ತಿಯಿದ್ದಷ್ಟು ಪೆಟ್ಟನ್ನು ನುಂಗುತ್ತದೆ. 2019ರ ‘ಪಾತ್‌ಫೈಂಡರ್’ ಎರಡನೆಯ ಆವೃತ್ತಿ ಇನ್ನೂ ಚೆಲುವಾಗಿ ಮಾಡಿದೆ. ಸರದಿಗೆ ಮೂರು ಕ್ರಿಯೆಗಳು. ಗುರಾಣಿ ಎತ್ತುವುದಕ್ಕೆ ಅದರಲ್ಲೊಂದು ಖರ್ಚು. ಎತ್ತದಿದ್ದರೆ ಎರಡಂಕವೂ ಇಲ್ಲ. ಎತ್ತಿದವನು, ಕಲಿತವನಾದರೆ, ಬಿದ್ದ ಪೆಟ್ಟಿಗೆ ಅದನ್ನು ಒಡ್ಡಬಹುದು. ಉಕ್ಕಿನ ಗುರಾಣಿ ಐದಂಕದ ಪೆಟ್ಟನ್ನು ತಡೆದು, ಉಳಿದದ್ದನ್ನು ತಾನೂ ಅನುಭವಿಸಿ ಜಜ್ಜಿಹೋಗುತ್ತದೆ. ಅಲ್ಲಿ ಗುರಾಣಿಗೆ ಕ್ರಿಯಾಪದವಿದೆ, ಬೆಲೆಯಿದೆ, ಸಾವೂ ಇದೆ.

ಇದರಿಂದ ಆಟ ನಿಧಾನವಾಗುತ್ತದೆ ಎನ್ನುವವರುಂಟು. ಪ್ರತಿ ಏಟಿಗೂ ಎರಡು ದಾಳವೆಂದರೆ ರಾತ್ರಿಯೆಲ್ಲ ಒಂದೇ ಕಾಳಗವಾದೀತು. ‘ರೂನ್‌ಕ್ವೆಸ್ಟ್’ ಬಗ್ಗೆ ಈ ಆಕ್ಷೇಪ ಸಕಾರಣವೇ. ಆದರೆ ನಿಧಾನವಿಲ್ಲದ ಉಪಾಯವೂ ಆಟಗಾರರಲ್ಲೇ ಹುಟ್ಟಿ ವರ್ಷಗಳಾದುವು: ಮಾರಕವಾದ ಏಟು ಬಿದ್ದಾಗ, ‘ಗುರಾಣಿ ಚೂರಾಗಲಿ’ ಎಂದರೆ ಗುರಾಣಿ ಒಡೆಯುತ್ತದೆ, ಹಿಡಿದವನು ಉಳಿಯುತ್ತಾನೆ. ಇದಕ್ಕೆ ಒಂದು ದಾಳವೂ ಬೇಕಿಲ್ಲ.

ಇದರ ಜೊತೆಗೆ ಇನ್ನೊಂದನ್ನು ನಾನು ಸೂಚಿಸುತ್ತೇನೆ. ಗುರಾಣಿ ಹಿಡಿದವನು ತನ್ನ ಸರದಿ ಮುಗಿಸುವಾಗ ಬಾಯಿಬಿಟ್ಟು ಹೇಳಲಿ: ಮುಂದಿನ ಸರದಿಯವರೆಗೆ ನನ್ನ ಎರಡಂಕ ನನಗೋ, ನನ್ನ ಎಡಗಡೆ ನಿಂತವನಿಗೋ. ಇಬ್ಬರಿಗೂ ಕೊಡುವಂತಿಲ್ಲ. ಹೇಳಲು ಮರೆತರೆ ಯಾರಿಗೂ ಇಲ್ಲ. ಮಾಂತ್ರಿಕನ ಪಾತ್ರ ವಹಿಸಿದವರಿಂದ ಇದಕ್ಕೆ ವಿರೋಧ ಬರಲಾರದೆಂದು ನನ್ನ ನಂಬಿಕೆ. ಎಡಗಡೆಗೆ ಓಡಿಬಂದು ನಿಲ್ಲುವವರು ಹೆಚ್ಚಾಗಿ ಅವರೇ ಆಗಿರುತ್ತಾರೆ.