ಕಾರು ಕಳವಾದರೆ ಮೊದಲು ಠಾಣೆಗೆ ಹೋಗಿ

ಕಾರು ಕಳವಾದ ಮನೆಯಲ್ಲಿ ಮೊದಲ ದಿನ ಏನು ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಆರ್‌ಸಿ ಗಲ್ಫ್‌ನಲ್ಲಿರುವ ಮಗನ ಹೆಸರಿನಲ್ಲಿ. ಮನೆಯಲ್ಲಿ ವಯಸ್ಸಾದ ತಂದೆ ತಾಯಿ, ಸೊಸೆ. ಮೊದಲು ಮಗನಿಗೆ ಫೋನ್, ಆಮೇಲೆ ಸಂಬಂಧಿಕರಿಗೆ, ಆಮೇಲೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಕಾರಿನ ಫೋಟೊ. "ಹುಡುಗರು ಯಾರಾದರೂ ಕೊಂಡುಹೋಗಿರಬಹುದು, ಸಂಜೆಯವರೆಗೆ ನೋಡುವ" ಎನ್ನುವವರೂ ಇರುತ್ತಾರೆ. ಠಾಣೆಯ ನೆನಪಾಗುವುದು ಮರುದಿನ, ಕೆಲವೊಮ್ಮೆ ಮೂರನೇ ದಿನ. ಅಷ್ಟರಲ್ಲಿ ನಂಬರ್ ಪ್ಲೇಟ್ ಬದಲಾಗಿ ಕಾರು ತಲಪಾಡಿ ದಾಟಿಯೋ ಘಾಟಿ ಹತ್ತಿಯೋ ಹೋಗಿರುತ್ತದೆ. ಅಂಗಡಿ, ಮಸೀದಿಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುವುದಕ್ಕೂ ಹೆಚ್ಚು ದಿನ ಬೇಡ.

ಈ ತಡಕ್ಕೆ ಉದಾಸೀನ ಮಾತ್ರ ಕಾರಣವಲ್ಲ. ಠಾಣೆಯ ಮೆಟ್ಟಿಲು ಹತ್ತಲು ನಮ್ಮಲ್ಲಿ ಹೆದರಿಕೆಯಿದೆ. "ಆರ್‌ಸಿ ನಮ್ಮ ಹೆಸರಲ್ಲಿಲ್ಲ, ಹೋದರೆ ನಮ್ಮನ್ನೇ ಕೂರಿಸಿ ಕೇಳುತ್ತಾರೆ" ಎಂಬ ಅಳುಕು. ಆದರೆ ಮಾಲಕನೇ ಬಂದು ದೂರು ಕೊಡಬೇಕೆಂದು ಕಾನೂನಿನಲ್ಲಿಲ್ಲ. ಕಳವಾದ ವಿಷಯ ಗೊತ್ತಿರುವ ತಂದೆಯೂ ಕೊಡಬಹುದು, ಹೆಂಡತಿಯೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ನೀಡಬಹುದು. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ವಾಪಸ್ ಕಳುಹಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಕೇವಲ ಸ್ವೀಕೃತಿ ಚೀಟಿ ಹಿಡಿದುಕೊಂಡು ಬರಬೇಡಿ, ವಿಮಾ ಕಂಪೆನಿ ಕೇಳುವುದು ಎಫ್‌ಐಆರ್. ಠಾಣೆಗೆ ಹೊರಡುವ ಮೊದಲೇ 112ಕ್ಕೆ ಕರೆ ಮಾಡಿದರೆ ಇನ್ನೂ ಒಳ್ಳೆಯದು. ಫಾಸ್ಟ್‌ಟ್ಯಾಗ್‌ನಿಂದ ಹಣ ಕಡಿತವಾದ ಮೆಸೇಜ್ ಮಗನ ಮೊಬೈಲಿಗೆ ಬಂದಿದ್ದರೆ ಕಾರು ಯಾವ ಟೋಲ್ ದಾಟಿದೆ ಎಂಬುದು ಅದರಲ್ಲೇ ಇರುತ್ತದೆ. ಅದನ್ನು ಪೊಲೀಸರಿಗೆ ತೋರಿಸಿ.

ವಿಮೆಯದ್ದು ಬೇರೆಯೇ ಮಂಡೆಬಿಸಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಳವಿಗೆ ಒಂದು ರೂಪಾಯಿಯೂ ಸಿಗದು. ಸಾಲದ ಕಾರಾದರೆ ಕಾರು ಹೋದ ಮೇಲೂ ಕಂತು ನಿಲ್ಲದು. ಪೂರ್ಣ ವಿಮೆ ಇದ್ದರೂ ಕಂಪೆನಿಯವರು ಎರಡೂ ಕೀಲಿ ಕೇಳುತ್ತಾರೆ. ಇಂಜಿನ್ ಚಾಲೂ ಇಟ್ಟು ಮೀನು ತರಲು ಇಳಿದ ಐದು ನಿಮಿಷದಲ್ಲಿ ಕಾರು ಹೋಗಿದ್ದರೆ 'ನಿರ್ಲಕ್ಷ್ಯ' ಎಂದು ತಗಾದೆ ತೆಗೆಯುತ್ತಾರೆ. ದೂರು ಕೂಡಲೇ ದಾಖಲಾಗಿದ್ದರೆ, ವಿಮಾ ಕಂಪೆನಿಗೆ ತಿಳಿಸುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಠಾಣೆಗೇ ತಡವಾಗಿ ಹೋದವರಿಗೆ ಈ ತೀರ್ಪು ಆಸರೆಯಾಗದು.

ನಮ್ಮದೇ ತಪ್ಪನ್ನೂ ಹೇಳಬೇಕು. ಕಾರು ಮಾರಿದವರು ಹೆಸರು ಬದಲಾವಣೆಯ ಗೋಜಿಗೆ ಹೋಗುವುದಿಲ್ಲ, 'ನಮ್ಮವನೇ ಅಲ್ಲವಾ' ಎಂದು ಕೀಲಿ ಕೊಟ್ಟುಬಿಡುತ್ತಾರೆ. ಆ ಕಾರು ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರ ಮೇಲೆಯೇ ಬರುತ್ತದೆ. 2018ರ ಸುಪ್ರೀಂ ಕೋರ್ಟ್ ತೀರ್ಪೂ ಇದನ್ನೇ ಹೇಳಿದೆ. ಇನ್ನು 'ದಾಖಲೆ ಆಮೇಲೆ ಕೊಡ್ತೇನೆ' ಎಂಬ ಅಗ್ಗದ ಕಾರುಗಳು. ಕದ್ದ ಮಾಲೆಂದು ಅನುಮಾನಿಸಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು. ಕೊಳ್ಳುವವರಿಲ್ಲದಿದ್ದರೆ ಕಳ್ಳನಿಗೆ ಆ ಕಾರಿನಿಂದ ಏನು ಲಾಭ? ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಲು ಹತ್ತು ನಿಮಿಷ ಸಾಕು ಮಾರಾಯ್ರೆ.

ಸ್ಟೇರಿಂಗ್ ಲಾಕ್, ಜಿಪಿಎಸ್ ಹಾಕಿಸುವುದು ದೊಡ್ಡ ಖರ್ಚಲ್ಲ. ಮೂಲ ಆರ್‌ಸಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಡುವುದು ಬೇಡ, ತಪಾಸಣೆಗೆ ಡಿಜಿಲಾಕರ್ ಪ್ರತಿ ಸಾಕಾಗುತ್ತದೆ. ಮಗ ಈ ಸಲ ರಜೆಯಲ್ಲಿ ಬಂದಾಗ ಎರಡನೇ ಕೀಲಿ ಎಲ್ಲಿದೆ ಎಂದು ಕೇಳಿ ಕಪಾಟಿನಲ್ಲಿಡಿ, ಆರ್‌ಸಿ ಮತ್ತು ವಿಮೆಯ ಪ್ರತಿಯನ್ನು ತಾಯಿಯ ಅಥವಾ ಹೆಂಡತಿಯ ಮೊಬೈಲಿಗೂ ಹಾಕಿಸಿ. ಅವನು ವಿಮಾನ ಹತ್ತುವ ಮೊದಲು ಇಷ್ಟಾಗಲಿ.