ನಕ್ಷತ್ರದೊಳಗೆ ಅರ್ಧಾಯು ಬೇರೆ

ನಕ್ಷತ್ರಗಳೊಳಗಿನ ಬೀಟಾ ಕ್ಷಯ, ಎಲೆಕ್ಟ್ರಾನ್ ಸೆರೆಗಳ ದರವನ್ನು ಲೆಕ್ಕ ಹಾಕುವುದು ವ್ಯರ್ಥ ಶ್ರಮ ಎನ್ನುವವರ ಮೊದಲ ವಾದ ಇದು: ಬೀಜಕೇಂದ್ರದ ಅರ್ಧಾಯು ಶಾಖಕ್ಕೂ ಬಗ್ಗದು, ಒತ್ತಡಕ್ಕೂ ಬಗ್ಗದು, ಪ್ರಯೋಗಾಲಯದಲ್ಲಿ ಅಳೆದದ್ದೇ ಸಾಕು. ಕಾಲೇಜಿನಲ್ಲಿ ನಾನೂ ಹಾಗೆಯೇ ಕಲಿತೆ. ಭೂಮಿಯ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ರೀನಿಯಂ-187 ಅನ್ನು ನೋಡಿ. ಬಂಡೆಯೊಳಗಿದ್ದಾಗ ಅದರ ಅರ್ಧಾಯು ಸುಮಾರು 4,200 ಕೋಟಿ ವರ್ಷ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅದರ 75 ಎಲೆಕ್ಟ್ರಾನ್‌ಗಳನ್ನೂ ಕಿತ್ತುಹಾಕಿ, ಬರಿಯ ಬೀಜಕೇಂದ್ರಗಳನ್ನು ಉಂಗುರದಾಕಾರದ ಕೊಳವೆಯಲ್ಲಿ ಗಂಟೆಗಟ್ಟಲೆ ಸುತ್ತಿಸಿ ಕಾದರು. 1996ರಲ್ಲಿ ಪ್ರಕಟವಾದ ಉತ್ತರ: ಸುಮಾರು 33 ವರ್ಷ! ಹುಟ್ಟುವ ಎಲೆಕ್ಟ್ರಾನ್ ಹೊರಗೆ ಹಾರಬೇಕಿಲ್ಲ, ಖಾಲಿಯಾದ ಒಳಕಕ್ಷೆಯಲ್ಲೇ ಕೂರಬಹುದು. ಭೂಮಿಯ ಮೇಲೆ ಸ್ಥಿರವಾದ ಡಿಸ್ಪ್ರೋಸಿಯಂ-163 ಕೂಡ ಹೀಗೆ ಬೆತ್ತಲಾದರೆ 47 ದಿನಕ್ಕೆ ಅರ್ಧವಾಗುತ್ತದೆ. ಇನ್ನು ನೂರಾರು ಕೋಟಿ ಡಿಗ್ರಿ ಕಾವಿನಲ್ಲಿ ಬೀಜಕೇಂದ್ರಗಳು ಉದ್ರಿಕ್ತ ಸ್ಥಿತಿಗಳಿಗೂ ಏರುತ್ತವೆ, ಅಲ್ಲಿಂದಲೂ ಕ್ಷಯಿಸುತ್ತವೆ. ಕ್ಷಣಾರ್ಧದಲ್ಲಿ ಇಳಿದುಬಿಡುವ ಅಂಥ ಸ್ಥಿತಿಗಳ ಗುರಿಹಲಗೆ ಮಾಡಿ ಅಳೆಯುವುದು ಹೇಗೆ? ಲೆಕ್ಕವೇ ದಾರಿ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಫುಲ್ಲರ್, ಫೌಲರ್, ನ್ಯೂಮನ್ ಮೂವರು 1980ರ ದಶಕದಲ್ಲಿ ಕೊಟ್ಟ ಕೋಷ್ಟಕಗಳನ್ನು 2000ದ ಹೊತ್ತಿಗೆ ಲಾಂಗಾಂಕೆ ಮತ್ತು ಮಾರ್ಟಿನೆಜ್-ಪಿನೆಡೊ ತಿದ್ದಿದರು. ಕಬ್ಬಿಣದ ನೆರೆಹೊರೆಯ ಅನೇಕ ಬೀಜಕೇಂದ್ರಗಳಲ್ಲಿ ಎಲೆಕ್ಟ್ರಾನ್ ಸೆರೆಯ ದರ ಸುಮಾರು ಹತ್ತು ಪಟ್ಟು ಇಳಿಯಿತು. 'ಇಷ್ಟು ತಪ್ಪುವ ಲೆಕ್ಕವನ್ನು ನಂಬುವುದು ಹೇಗೆ?' ಎನ್ನುತ್ತಾರೆ. ತಪ್ಪು ಎಲ್ಲಿತ್ತೆಂದು ನೋಡಬೇಕು. ಈ ಸೆರೆಯ ದರವನ್ನು ಬಹುಮಟ್ಟಿಗೆ ನಿರ್ಧರಿಸುವ ಗ್ಯಾಮೋವ್-ಟೆಲ್ಲರ್ ಬಲವನ್ನು ಮೊದಲಿನವರು ಒಂದೇ ಶಕ್ತಿಮಟ್ಟದಲ್ಲಿ ಗುಡ್ಡೆ ಹಾಕಿದ್ದರು. ಅದು ಹಲವು ಮಟ್ಟಗಳಲ್ಲಿ ಹರಡಿದೆ, ಎಷ್ಟೋ ಕಡೆ ಅವರು ಎಣಿಸಿದ್ದಕ್ಕಿಂತ ಮೇಲಿದೆ ಎಂದು ಪ್ರಯೋಗಗಳು ತೋರಿಸಿದವು. ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ವೆನೇಡಿಯಂ-51ಕ್ಕೆ ಡ್ಯೂಟೆರಾನ್ ಕಿರಣ ಹಾಯಿಸಿ ಪಡೆದ ಶಿಖರಗಳ ಪಕ್ಕದಲ್ಲಿ, ಹೊಸ ದರಗಳಿಗೆ ಆಧಾರವಾದ ಕವಚ ಮಾದರಿಯ ಲೆಕ್ಕವನ್ನಿಟ್ಟರೆ ಎರಡೂ ಚೆನ್ನಾಗಿ ಹೊಂದುತ್ತವೆ. ಅಳತೆಗೆ ತಲೆಬಾಗಿ ತಿದ್ದಿಕೊಂಡ ಲೆಕ್ಕವನ್ನು ಊಹೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ದರ ಏನೇ ಇರಲಿ, ದೈತ್ಯ ನಕ್ಷತ್ರದ ಗರ್ಭ ಕೊನೆಗೆ ಹೇಗೂ ಕುಸಿಯುತ್ತದಲ್ಲ ಎಂಬುದು ಕೊನೆಯ ಆಕ್ಷೇಪ. ಕುಸಿಯುತ್ತದೆ, ನಿಜ. ಸಿಡಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹೊಸ ದರಗಳಿಂದ ಕುಸಿತಕ್ಕೆ ಮುನ್ನ ಗರ್ಭದಲ್ಲಿ ಪ್ರತಿ ನ್ಯೂಕ್ಲಿಯಾನ್‌ಗೆ ಉಳಿಯುವ ಎಲೆಕ್ಟ್ರಾನ್ ಪ್ರಮಾಣ 0.01ರಿಂದ 0.015ರಷ್ಟು ಏರಿತು. ಚಿಲ್ಲರೆ ಅಂಕಿ ಅನ್ನಿಸೀತು. ಆದರೆ ಎಲೆಕ್ಟ್ರಾನ್‌ಗಳ ಒತ್ತಡ ಹೊರಬಲ್ಲ ಗರಿಷ್ಠ ರಾಶಿ, ಅಂದರೆ ಚಂದ್ರಶೇಖರ್ ಮಿತಿ, ಆ ಪ್ರಮಾಣದ ವರ್ಗಕ್ಕೆ ಅನುಗುಣ: 0.43 ಇದ್ದರೆ 1.07 ಸೌರರಾಶಿ, 0.445 ಆದರೆ 1.15. ಕುಸಿದ ಗರ್ಭ ಪುಟಿದೆದ್ದಾಗ ಹೊರಟ ಆಘಾತದ ಅಲೆ 0.1 ಸೌರರಾಶಿಯಷ್ಟು ಕಬ್ಬಿಣವನ್ನು ಒಡೆಯುವಷ್ಟರಲ್ಲೇ ಒಂದು ಸೂಪರ್‌ನೋವಾದ ಇಡೀ ಸ್ಫೋಟಶಕ್ತಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಅಲೆ ದಾಟಬೇಕಾದ ಕಬ್ಬಿಣ ಎಷ್ಟೆಂಬುದಕ್ಕೆ ಈ ದರಗಳೂ ಬೇಕು.